ಹಿನ್ನೀರಿನ ಬೋರ್ಡ್ ಸಮುದ್ರಕ್ಕೆ ಆಗುವುದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಕರಾವಳಿಯ ನೀರಾಟಗಳ ಬಗ್ಗೆ ಬಂದ ಬರಹ ಓದಿದೆ. ವಿಂಡ್‌ಸರ್ಫಿಂಗ್, ಅಂದರೆ ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಓಡುವ ಆಟ, ಅದರ ಬಗ್ಗೆ ಕನ್ನಡ ಪತ್ರಿಕೆಯೊಂದು ಅಷ್ಟು ಜಾಗ ಕೊಟ್ಟಿದ್ದೇ ಖುಷಿಯ ವಿಷಯ. ಆದರೆ ಅದರಲ್ಲಿ ಒಂದು ಸಲಹೆ ಇತ್ತು. ಹೊಸ ಬೋರ್ಡ್ ದುಬಾರಿ, ಹಳೆಯದನ್ನೇ ಕೊಳ್ಳಿ, ಆದಷ್ಟು ಅಗಲದ್ದು ನೋಡಿ, ಬೀಳುವುದು ಕಮ್ಮಿ ಅಂತ. ಹಳೆಯದು ಕೊಳ್ಳಿ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಹೊಸ ಬೋರ್ಡ್ ಒಂದಕ್ಕೇ ಲಕ್ಷ ದಾಟುತ್ತದೆ, ಅದರ ಮೇಲೆ ಸೇಲು (ಹಾಯಿ), ಮಾಸ್ಟು (ಹಾಯಿಯ ಕಂಬ), ಬೂಮು (ಕೈಯಲ್ಲಿ ಹಿಡಿಯುವ ಅಡ್ಡ ಕೋಲು) ಬೇರೆ. ಆದರೆ ಆದಷ್ಟು ಅಗಲದ್ದು ಅನ್ನುವ ಮಾತು ನಮ್ಮ ಶರಾವತಿ ಹಿನ್ನೀರಿಗೆ ಸರಿ, ಹೊನ್ನಾವರದ ಸಮುದ್ರಕ್ಕೆ ಸರಿಯಲ್ಲ. ಅಂಥ ಮಾತು ನಂಬಿ ದುಡ್ಡು ಹಾಕಿದವರ ಬೋರ್ಡ್‌ಗಳು ಕೊನೆಗೆ ನನ್ನ ಶೆಡ್ಡಿಗೆ ಬರುತ್ತವೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಜಾಗ ಕೊಡಿ.

ನಾನು ಸಾಗರ ತಾಲ್ಲೂಕಿನವನು. ಅಡಿಕೆ ತೋಟ ಇದೆ. ವಿಂಡ್‌ಸರ್ಫಿಂಗ್ ಹುಚ್ಚು ಹಿಡಿದು ಬಹಳ ವರ್ಷ ಆಯಿತು. ಬೋರ್ಡ್ ರಿಪೇರಿ ಮಾಡಿಕೊಡುವವರು ಹತ್ತಿರದಲ್ಲಿ ಯಾರೂ ಇಲ್ಲದ ಕಾರಣ ಅಡಿಕೆ ಅಂಗಳದ ಪಕ್ಕದ ಶೆಡ್ಡಿನಲ್ಲಿ ನಾನೇ ಮಾಡಿಕೊಳ್ಳಲು ಶುರು ಮಾಡಿದೆ, ಈಗ ಬೇರೆಯವರದ್ದನ್ನೂ ಮಾಡಿಕೊಡುತ್ತೇನೆ.

ನಮ್ಮ ಕಡೆಯ ಹುಡುಗ ಹುಡುಗಿಯರು ನೀರಿಗೆ ಇಳಿಯುವುದು ಲಿಂಗನಮಕ್ಕಿ ಹಿನ್ನೀರಿನಲ್ಲಿ, ಹೊನ್ನೆಮರಡುವಿನಂಥ ಕಡೆ. ಅಲ್ಲಿ ಸುತ್ತಲೂ ಗುಡ್ಡ, ನಡುವೆ ನಡುಗಡ್ಡೆ. ಗಾಳಿ ಬಿಟ್ಟು ಬಿಟ್ಟು ಬರುತ್ತದೆ, ನೀರು ಹೆಚ್ಚಾಗಿ ಸಪಾಟಾಗಿಯೇ ಇರುತ್ತದೆ. ಅಂಥ ಕಡೆ ಅಗಲದ ಬೋರ್ಡ್ ನಿಜಕ್ಕೂ ಒಳ್ಳೆಯದು. ಕಡಿಮೆ ಗಾಳಿಗೂ ಎದ್ದು ಓಡುತ್ತದೆ, ಮೇಲೆ ನಿಂತವರನ್ನು ಬೀಳಿಸುವುದಿಲ್ಲ. ಅಲ್ಲಿ ಕೈ ಪಳಗಿದ ಮೇಲೆ ಎಲ್ಲರಿಗೂ ಸಮುದ್ರದ ಆಸೆ ಬರುತ್ತದೆ. ಜೋಗದ ಮೇಲೆ ಘಾಟಿ ಇಳಿದರೆ ಹೊನ್ನಾವರ, ಆಚೆ ಮುರುಡೇಶ್ವರ, ಈಚೆ ಕಾಸರಕೋಡು. ಶಿವಮೊಗ್ಗ, ತೀರ್ಥಹಳ್ಳಿ ಕಡೆಯವರಿಗೆ ಆಗುಂಬೆ ಇಳಿದರೆ ಮಲ್ಪೆ. ಅಲ್ಲಿ ಹೋಗಿ ಅದೇ ಬೋರ್ಡ್ ನೀರಿಗೆ ಹಾಕಿದಾಗ ಗೊತ್ತಾಗುತ್ತದೆ ಇದು ಬೇರೆಯೇ ಆಟ ಅಂತ.

ಜನವರಿಯಿಂದ ಮೇ ತನಕ ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ನೆಲದಿಂದ ಸಮುದ್ರದ ಕಡೆ ತೆಳ್ಳಗೆ ಗಾಳಿ ಬೀಸುತ್ತದೆ. ಬಿಸಿಲೇರಿದ ಹಾಗೆ ಅದು ನಿಂತು, ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯಿಂದ ಪಶ್ಚಿಮದ, ವಾಯವ್ಯದ ಗಾಳಿ ಶುರುವಾಗುತ್ತದೆ. ಎರಡು ಮೂರು ಗಂಟೆಗೆ ಅದು ಜೋರಾಗಿರುತ್ತದೆ. ಈ ಗಾಳಿ ನೀರಿನ ಮೇಲೆ ಎಬ್ಬಿಸುವುದು ಸರ್ಫಿಂಗ್ ಚಿತ್ರಗಳಲ್ಲಿ ನೋಡುವಂಥ ಉದ್ದದ ಅಂದದ ಅಲೆಗಳನ್ನಲ್ಲ. ಮೊಣಕಾಲೆತ್ತರದ, ಒಂದಕ್ಕೊಂದು ಅಂಟಿಕೊಂಡ ಹಾಗೆ ಬರುವ ಗಿಡ್ಡ ಅಲೆಗಳು. ಬೋರ್ಡ್ ಆಡುವವರು ಇದಕ್ಕೆ ಚಾಪ್ ಅನ್ನುತ್ತಾರೆ. ಅದರ ಅಡಿಯಲ್ಲಿ ದೂರದಿಂದ ಬರುವ ದೊಡ್ಡ ಅಲೆಯ ಏರಿಳಿತ ಬೇರೆ ದಿಕ್ಕಿನಲ್ಲಿ ನಡೆದಿರುತ್ತದೆ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಜಾಗದಲ್ಲಂತೂ ಇಳಿತದ ಹೊತ್ತಿಗೆ ನದಿಯ ನೀರು ಹೊರಗೆ ನುಗ್ಗುತ್ತದೆ, ಗಾಳಿ ಒಳಗೆ ತಳ್ಳುತ್ತದೆ. ನೀರು ಒಂದು ಕಡೆ, ಗಾಳಿ ಇನ್ನೊಂದು ಕಡೆ ಆದಾಗ ಅಲೆ ಇನ್ನೂ ಕಡಿದಾಗಿ ಎದ್ದು ನಿಲ್ಲುತ್ತದೆ. ನಮಗೆ ಬೇಕಾದ ಬೋರ್ಡ್ ಈ ನೀರಿಗೆ ಹೊಂದಬೇಕು.

ಅಗಲದ, ಅಡಿ ಸಪಾಟಾದ ಬೋರ್ಡ್ ಇಲ್ಲಿ ಏನು ಮಾಡುತ್ತದೆ ಅಂದರೆ, ವೇಗ ಹಿಡಿದ ಕೂಡಲೇ ಪ್ರತಿ ಅಲೆಯ ನೆತ್ತಿಗೂ ಪಟಪಟ ಅಂತ ಬಡಿಯುತ್ತದೆ. ಹಿಂಭಾಗ ಅಗಲ ಇದ್ದಷ್ಟೂ, ಅದರ ಕೆಳಗೆ ಮೀನಿನ ರೆಕ್ಕೆಯ ಹಾಗೆ ಚಾಚಿರುವ ಫಿನ್ ದೊಡ್ಡದಾದಷ್ಟೂ ಬೋರ್ಡ್ ನೀರು ಬಿಟ್ಟು ಮೇಲೇಳಲು ನೋಡುತ್ತದೆ. ಒಂದು ಅಲೆಯ ನೆತ್ತಿಯಲ್ಲಿ ಮೂತಿ ಮೇಲೆದ್ದು ಗಾಳಿ ಅಡಿಗೆ ನುಗ್ಗಿದರೆ ಮುಗಿಯಿತು. ಮಂಡಿ, ಸೊಂಟ ಎರಡೂ ಸಂಜೆ ಲೆಕ್ಕ ಕೇಳುತ್ತವೆ. ಆಡುವವರಿಗೆ ತಮಗೇ ಬರುವುದಿಲ್ಲ ಅನ್ನಿಸುತ್ತದೆ. ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ನನಗೆ ಬೇಸರ ಇರುವುದು ಇದೇ ವಿಷಯಕ್ಕೆ. ಕಲಿತದ್ದರಲ್ಲಿ ಕೊರತೆ ಇರುವುದಿಲ್ಲ, ಬೋರ್ಡ್ ಬೇರೆ ನೀರಿಗೆ ಮಾಡಿದ್ದು, ಅಷ್ಟೇ.

ಹಾಗಾದರೆ ಏನು ನೋಡಬೇಕು? ಮೊದಲು ಲೀಟರ್ ಲೆಕ್ಕ. ಬೋರ್ಡ್ ಮೇಲೆ 115, 120, 145 ಅಂತ ಬರೆದಿರುತ್ತದಲ್ಲ, ಅದು ಬೋರ್ಡಿನ ಗಾತ್ರ, ಲೀಟರ್‌ನಲ್ಲಿ. ಒಂದು ಲೀಟರ್ ಗಾತ್ರ ಸುಮಾರು ಒಂದು ಕೆಜಿ ಭಾರ ತೇಲಿಸುತ್ತದೆ. ಉಪ್ಪು ನೀರು ಸಿಹಿ ನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಹೆಚ್ಚು ತೂಕ, ಹಾಗಾಗಿ ಸಮುದ್ರದಲ್ಲಿ ಸ್ವಲ್ಪ ಜಾಸ್ತಿಯೇ ತೇಲುತ್ತದೆ, ಆದರೆ ಆ ಲಾಭವನ್ನು ಅಲೆ ತಿಂದುಹಾಕುತ್ತದೆ. 70 ಕೆಜಿಯ ಒಬ್ಬರನ್ನು ತೆಗೆದುಕೊಳ್ಳಿ. ಬೋರ್ಡಿನ ತೂಕ 8, ಸೇಲು ಮಾಸ್ಟು ಬೂಮು ಎಲ್ಲ ಸೇರಿ 10. ಒಟ್ಟು 88. ಅಂದರೆ 88 ಲೀಟರ್ ಬೋರ್ಡ್ ಅವರನ್ನು ಹೊತ್ತು ನೀರಿನ ಮಟ್ಟಕ್ಕೆ ಮುಳುಗಿ ನಿಲ್ಲುತ್ತದೆ. ಅದರ ಮೇಲೆ ನಿಂತು, ಅಲೆ ಕುಲುಕುವಾಗ ಹಗ್ಗ ಹಿಡಿದು ನೀರಿನಿಂದ ಸೇಲು ಎಳೆದೆತ್ತಬೇಕಾದರೆ ಇನ್ನೂ 30 ಲೀಟರ್ ಆದರೂ ಬೇಕು. ಹಾಗಾಗಿ ಹಿನ್ನೀರಿನಲ್ಲಿ ಚೆನ್ನಾಗಿ ಓಡಿಸಲು ಕಲಿತ, ಆದರೆ ನೀರಿನಲ್ಲಿ ಮಲಗಿದ್ದು ಗಾಳಿಯ ಬಲದಿಂದಲೇ ಎದ್ದು ನಿಲ್ಲುವ ವಾಟರ್‌ಸ್ಟಾರ್ಟ್ ಇನ್ನೂ ಬಾರದ 70 ಕೆಜಿಯವರಿಗೆ ನಾನು ಹೇಳುವುದು 115ರಿಂದ 125 ಲೀಟರ್. ವಾಟರ್‌ಸ್ಟಾರ್ಟ್ ಬರುವವರು ಇನ್ನೂ ಕೆಳಗೆ ಇಳಿಯಬಹುದು. ಆದರೆ ತುಂಬ ಇಳಿಯಬೇಡಿ, ಯಾಕೆಂದರೆ ಸಂಜೆಗೆ ನಮ್ಮ ಕಡಲ ಗಾಳಿ ಹೇಳದೆ ಕೇಳದೆ ನಿಂತುಹೋಗುತ್ತದೆ. ಆಗ ನಿಂತು ದಡ ಸೇರುವಷ್ಟು ತೇಲುವ ಬೋರ್ಡ್ ಕಾಲಡಿ ಇರಬೇಕು.

ಅಗಲ ಎಷ್ಟು? ಈ ಗಾತ್ರದಲ್ಲಿ ಸುಮಾರು 68ರಿಂದ 75 ಸೆಂಟಿಮೀಟರ್ ಅಗಲದ ಫ್ರೀರೈಡ್ ಬೋರ್ಡ್ ಹುಡುಕಿ. ಫ್ರೀರೈಡ್ ಅಂದರೆ ರೇಸಿಗೂ ಅಲ್ಲ, ದೊಡ್ಡ ಅಲೆ ಸವಾರಿಗೂ ಅಲ್ಲ, ಎಲ್ಲ ನಡುವಿನ ಬಳಕೆಗೆ ಮಾಡಿದ್ದು. ಅದೇ ಲೀಟರಿನ ಎರಡು ಬೋರ್ಡ್ ಪಕ್ಕಪಕ್ಕ ಇಟ್ಟರೂ ಒಂದು ಸಮುದ್ರಕ್ಕೆ ಹೊಂದುತ್ತದೆ, ಇನ್ನೊಂದು ಹೊಂದುವುದಿಲ್ಲ. ಗೊತ್ತಾಗುವುದು ಅಡಿ ನೋಡಿದಾಗ. ಬೋರ್ಡನ್ನು ಸಪಾಟು ನೆಲದ ಮೇಲೆ ಇಟ್ಟು, ನೀವು ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಪಕ್ಕದಿಂದ ನೋಡಿ. ಮುಂಭಾಗ ನಿಧಾನಕ್ಕೆ ಮೇಲಕ್ಕೆ ಬಾಗಿರಬೇಕು. ಈ ಬಾಗುವಿಕೆಗೆ ರಾಕರ್ ಅನ್ನುತ್ತಾರೆ. ಬಾಗು ತೀರಾ ಕಮ್ಮಿ ಇದ್ದು ಕೊನೆಯವರೆಗೂ ನೆಲಕ್ಕೆ ಅಂಟಿಕೊಂಡಿದ್ದರೆ ಅದು ಸಪಾಟು ನೀರಿನ ವೇಗದ ಬೋರ್ಡ್. ಆಮೇಲೆ ತಿರುಗಿಸಿ, ಅಡಿಯ ಮೇಲೆ ಅಡ್ಡಲಾಗಿ ಒಂದು ನೇರ ಪಟ್ಟಿ ಇಡಿ. ನಡುವೆ ಎತ್ತರ ಇದ್ದು ಎರಡೂ ಪಕ್ಕಕ್ಕೆ ಬೆಳಕು ಕಂಡರೆ ಇಂಗ್ಲಿಷಿನ ವಿ ಅಕ್ಷರದ ಆಕಾರ ಇದೆ ಅಂತ ಅರ್ಥ. ಅದು ಅಲೆಯನ್ನು ಬಡಿಯುವ ಬದಲು ಸೀಳುತ್ತದೆ. ಕೊನೆಗೆ ಅಂಚು. ಅಂಚಿನ ಮೇಲೆ ಕೈ ಆಡಿಸಿದರೆ ತೆಳ್ಳಗೆ, ದುಂಡಗೆ ಸಿಕ್ಕರೆ ಒಳ್ಳೆಯದು. ಪೆಟ್ಟಿಗೆಯ ಮೂಲೆಯ ಹಾಗೆ ದಪ್ಪ, ಚೌಕವಾಗಿದ್ದರೆ ಅಲೆ ತಾಗಿದಾಗಲೆಲ್ಲ ಬೋರ್ಡ್ ಪಕ್ಕಕ್ಕೆ ಎಸೆಯುತ್ತದೆ.

ಪಾದ ಸಿಕ್ಕಿಸುವ ಪಟ್ಟಿಗಳ ತೂತುಗಳನ್ನೂ ನೋಡಿ. ಅಂಚಿಗೆ ಹತ್ತಿರ ಮಾತ್ರ ತೂತು ಇದ್ದರೆ ಅದು ರೇಸಿನವರಿಗೆ. ಸ್ವಲ್ಪ ಒಳಗೂ ಒಂದು ಸಾಲು ಇರಬೇಕು, ಚಾಪ್‌ನಲ್ಲಿ ಕಾಲು ಒಳಗಿದ್ದಷ್ಟೂ ಹಿಡಿತ ಜಾಸ್ತಿ. ಫಿನ್ ವಿಷಯದಲ್ಲಿ ಹೇಳುವುದಾದರೆ, 120 ಲೀಟರ್ ಬೋರ್ಡಿಗೆ ಕಂಪನಿಯವರು ಸಾಮಾನ್ಯವಾಗಿ 40 ಸೆಂಟಿಮೀಟರ್ ಆಸುಪಾಸಿನದ್ದು ಕೊಟ್ಟಿರುತ್ತಾರೆ, ಏಳು ಚದರ ಮೀಟರ್ ಸೇಲಿಗೆ ಹೊಂದುವ ಹಾಗೆ. ಐದೂವರೆ ಆರರ ಸೇಲು ಹಾಕಿ ಚಾಪ್‌ಗೆ ಇಳಿಯುವಾಗ 32ರಿಂದ 36ರದ್ದು ಒಂದು ಜೊತೆಗಿರಲಿ. ಬೋರ್ಡಿನ ಫಿನ್ ಬಾಕ್ಸ್, ಅಂದರೆ ಫಿನ್ ಕೂರುವ ಗುಳಿ, ಯಾವುದು ಅಂತ ಕೇಳಿಯೇ ಕೊಳ್ಳಿ. ಪವರ್ ಬಾಕ್ಸ್, ಟಟಲ್, ಡೀಪ್ ಟಟಲ್, ಯುಎಸ್ ಬಾಕ್ಸ್ ಅಂತ ನಾಲ್ಕಾರು ಬಗೆ ಇವೆ, ಸಾಮಾನ್ಯವಾಗಿ ಒಂದರ ಫಿನ್ ಇನ್ನೊಂದಕ್ಕೆ ಕೂರುವುದಿಲ್ಲ. ಲಿಂಗನಮಕ್ಕಿಯಲ್ಲೂ ಓಡಿಸುವವರಾದರೆ ಫಿನ್ ಬಾಕ್ಸ್ ಸುತ್ತ ಬಿರುಕು ಇದೆಯಾ ಅಂತ ಎರಡೆರಡು ಸಲ ನೋಡಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ್ದ ಮರದ ಬೊಡ್ಡೆಗಳು ಮೇಲ್ಮೈಗೆ ಹತ್ತಿರ ಬರುತ್ತವೆ. ಫಿನ್ ಅದಕ್ಕೆ ಹೊಡೆದರೆ ಏಟು ಬೀಳುವುದು ಬಾಕ್ಸಿಗೆ.

ಒಲಿಂಪಿಕ್ ಬೋರ್ಡ್‌ಗಳ ವಿಷಯ ಬೇರೆಯೇ ಹೇಳಬೇಕು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ದೇಶದ ಇಬಾದ್ ಅಲಿ ಆರ್‌ಎಸ್‌ಎಕ್ಸ್ ಅನ್ನುವ ಬೋರ್ಡಿನ ವರ್ಗದಲ್ಲಿ ಕಂಚು ಗೆದ್ದರು. ಆ ಸುದ್ದಿ ನೋಡಿದ ಮೇಲೆ ಹುಡುಗರಿಗೆ ಅದೇ ಬೋರ್ಡ್ ಬೇಕು ಅನ್ನಿಸುವುದು ಸಹಜ. 2008ರ ಬೀಜಿಂಗ್‌ನಿಂದ ಟೋಕಿಯೊ ತನಕ ಒಲಿಂಪಿಕ್ಸ್‌ನಲ್ಲಿ ಇದ್ದದ್ದು ಅದೇ. 2024ರ ಪ್ಯಾರಿಸ್‌ನಿಂದ ಅಡಿಯ ರೆಕ್ಕೆಯ, ಅಂದರೆ ಫಾಯಿಲ್‌ನ, ಬಲದಿಂದ ನೀರಿನ ಮೇಲೆ ಎದ್ದು ಓಡುವ ಐಕ್ಯೂಫಾಯಿಲ್ ಬೋರ್ಡ್ ಬಂತು. ಹಾಗಾಗಿ ಹಳೆಯ ಆರ್‌ಎಸ್‌ಎಕ್ಸ್‌ಗಳು ಮಾರಾಟಕ್ಕೆ ಬರುತ್ತಿರುತ್ತವೆ. ಒಲಿಂಪಿಕ್ಸಿನದ್ದು, ಕಮ್ಮಿ ರೇಟಿಗೆ ಅಂತ ಯಾರಾದರೂ ಹೇಳಿದರೆ ಅಳತೆ ನೆನಪಿಟ್ಟುಕೊಳ್ಳಿ: ಉದ್ದ 286 ಸೆಂಟಿಮೀಟರ್, ಅಗಲ 93, ತೂಕ 15 ಕೆಜಿ ಮೇಲೆ, ಫಿನ್ 66 ಸೆಂಟಿಮೀಟರ್, ಗಂಡಸರ ಸೇಲು ಒಂಬತ್ತೂವರೆ ಚದರ ಮೀಟರ್. ದಿನಾ ತರಬೇತಿ ಮಾಡುವ ಕ್ರೀಡಾಪಟುಗಳು ಅದನ್ನು ಎಂಥ ಅಲೆಯಲ್ಲೂ ಓಡಿಸುತ್ತಾರೆ, ಅದು ಅವರ ದೇಹಬಲ ಮತ್ತು ಸಾಧನೆ. ವಾರಕ್ಕೊಮ್ಮೆ ಘಾಟಿ ಇಳಿದು ಹೋಗುವವರಿಗೆ ಅದು ಆಗುವುದಿಲ್ಲ, ದಡದ ಹತ್ತಿರ ಮರಳು ದಿಣ್ಣೆ ಇರುವ ಕಡೆ ಆ ಫಿನ್ ಇಟ್ಟುಕೊಂಡು ಇಳಿಯುವುದೇ ಕಷ್ಟ. ಅದೇ ರೀತಿ ಫಾಯಿಲ್‌ಗೆಂದೇ ಮಾಡಿದ ಬೋರ್ಡ್‌ಗಳು, ಗಿಡ್ಡ, ಅಗಲ, ಅಡಿ ಸಪಾಟು. ಅವನ್ನು ಬರೀ ಫಿನ್ ಹಾಕಿ ಚಾಪ್‌ನಲ್ಲಿ ಓಡಿಸಬೇಡಿ.

ಶಾಲೆಗಳ ಹಳೆಯ ತರಬೇತಿ ಬೋರ್ಡ್ ಸಿಕ್ಕರೆ ಅದು ಬೇರೆ ಮಾತು. ನಡುವೆ ಡ್ಯಾಗರ್‌ಬೋರ್ಡ್, ಅಂದರೆ ನೀರಿಗೆ ಇಳಿಬಿಡುವ ಹಲಗೆ, ಇರುವ ಉದ್ದನೆಯ ಬೋರ್ಡ್‌ಗಳು, ಉದಾಹರಣೆಗೆ ಮಕ್ಕಳ ಸ್ಪರ್ಧೆಗಳಲ್ಲಿ ಬಳಸುವ ಟೆಕ್ನೊ 293. ಹೆಸರಿನಲ್ಲಿರುವುದೇ ಅದರ ಉದ್ದ, 293 ಸೆಂಟಿಮೀಟರ್, 205 ಲೀಟರ್. ತೆಳು ಗಾಳಿಯಲ್ಲಿ ಅಲೆ ಇದ್ದರೂ ಅದು ನೀರು ಸೀಳಿಕೊಂಡು ನಿಧಾನಕ್ಕೆ ಹೋಗುತ್ತಿರುತ್ತದೆ, ಗಾಳಿಗೆ ಎದುರಾಗಿಯೂ ಓರೆಯಲ್ಲಿ ಸಾಗುತ್ತದೆ. ಹದಿನೈದು ಹದಿನಾರರ ಮಕ್ಕಳು ಸಮುದ್ರಕ್ಕೆ ಮೊದಲ ಸಲ ಇಳಿಯುವುದಾದರೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. 90ರ ದಶಕದ ಉದ್ದನೆಯ ಕಿರಿದಾದ ಬೋರ್ಡ್‌ಗಳೂ ಕೆಲವೊಮ್ಮೆ ಸಿಗುತ್ತವೆ. ಅವೂ ಅಲೆಯಲ್ಲಿ ಮೆತ್ತಗೆ ಓಡುತ್ತವೆ, ಆದರೆ ನಿಂತಲ್ಲಿ ಬ್ಯಾಲೆನ್ಸ್ ಮಾಡುವುದು ಬಹಳ ಕಷ್ಟ. ಹೊಸಬರು ಅದರ ತಂಟೆಗೆ ಹೋಗದಿದ್ದರೆ ಒಳ್ಳೆಯದು.

ಆಕಾರ ಸರಿ ಇದ್ದರೆ ಅರ್ಧ ಕೆಲಸ ಆದ ಹಾಗೆ. ಇನ್ನರ್ಧ, ಬೋರ್ಡ್ ಒಳಗೆ ಒಣಗಿದೆಯಾ ಅನ್ನುವುದು. ಈಗಿನ ಬೋರ್ಡ್‌ಗಳ ಒಳಗೆ ಇರುವುದು ಥರ್ಮೊಕೋಲ್ ಜಾತಿಯ ಹಗುರ ಫೋಮ್. ಅದರ ಮೇಲೆ ಗ್ಲಾಸ್ ಬಟ್ಟೆ, ಎಪಾಕ್ಸಿ ಅನ್ನುವ ಗಟ್ಟಿ ಅಂಟು, ಕೆಲವದರಲ್ಲಿ ಕಾರ್ಬನ್ ಹೊದಿಕೆ. ಹೊದಿಕೆಯಲ್ಲಿ ಕೂದಲೆಳೆ ಬಿರುಕು ಬಿದ್ದರೂ ನೀರು ಒಳಗೆ ಹೋಗುತ್ತದೆ, ಹೋದದ್ದು ಸುಲಭಕ್ಕೆ ಹೊರಗೆ ಬರುವುದಿಲ್ಲ. ಬೋರ್ಡ್ ಭಾರ ಆಗುತ್ತದೆ, ಹೊದಿಕೆ ಫೋಮ್‌ನಿಂದ ಬಿಡುತ್ತದೆ. ಚಾಪ್‌ನ ಹೊಡೆತಕ್ಕೆ ಬಿಟ್ಟ ಜಾಗ ಇನ್ನೂ ಬಿಡುತ್ತಾ ಹೋಗಿ ಒಂದು ದಿನ ದಡದಿಂದ ದೂರದಲ್ಲಿ ಮಾಸ್ಟಿನ ಬುಡ ಕಿತ್ತು ಬರುತ್ತದೆ. ಇದು ಬರೀ ದುಡ್ಡಿನ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆ.

ಪಕ್ಕದ ಮನೆಯ ಹುಡುಗ, ಇಂಜಿನಿಯರಿಂಗ್ ಓದುತ್ತಿರುವವನು, "ಮಾವ, ಒಂದ್ಸಲ ಬಂದು ನೋಡಿ" ಅಂತ ಕರೆದ ಕಾರಣ ಕುಂದಾಪುರದ ಕಡೆ ಒಂದು ಬೋರ್ಡ್ ನೋಡಲು ಅವನ ಜೊತೆ ಹೋಗಿದ್ದೆ. ಆಕಾರ, ಅಳತೆ ಎಲ್ಲ ಅವನಿಗೆ ಬೇಕಾದದ್ದೇ. ಬಿಳಿ ಬಣ್ಣ ಥಳಥಳ ಹೊಳೆಯುತ್ತಿತ್ತು. ಮಾರುವವರು ಒಳ್ಳೆಯ ಮಾತಿನ ಜನ. "ಎಂಥ ನೋಡುದು ಮಾರಾಯ್ರೆ, ಹೊಸತರ ಹಾಗೇ ಉಂಟಲ್ಲ" ಅಂದರು. ನಾನು ಮೊದಲು ಬೆರಳ ಗೆಣ್ಣಿನಿಂದ ಡೆಕ್, ಅಂದರೆ ಬೋರ್ಡಿನ ಮೇಲ್ಮೈ, ತಟ್ಟುತ್ತಾ ಹೋದೆ, ಹಲಸಿನ ಹಣ್ಣು ಬಲಿತಿದೆಯಾ ಅಂತ ತಟ್ಟಿ ನೋಡುತ್ತೇವಲ್ಲ, ಹಾಗೆ. ಮೂತಿಯಿಂದ ನಡುವಿನ ತನಕ ಟಕ್ ಟಕ್ ಅಂತ ಒಂದೇ ಸದ್ದು. ಮಾಸ್ಟಿನ ಬುಡ ಕೂರುವ ಸೀಳನ್ನು, ಅಂದರೆ ಮಾಸ್ಟ್ ಟ್ರ್ಯಾಕನ್ನು, ದಾಟಿ ಹಿಮ್ಮಡಿ ಊರುವ ಜಾಗಕ್ಕೆ ಬಂದಾಗ ಸದ್ದು ಡಬ್ ಡಬ್ ಅಂತ ಬದಲಾಯಿತು. ಹೆಬ್ಬೆರಳು ಒತ್ತಿದೆ. ಒಂದಿಷ್ಟೇ ಇಷ್ಟು ತಗ್ಗಿ, ಬೆರಳು ತೆಗೆದಾಗ ಮೇಲೆ ಬಂತು. ಓರೆಯಾಗಿ ಬೆಳಕು ಬೀಳುವ ಹಾಗೆ ತಿರುಗಿಸಿದರೆ, ಅಂಗೈ ಅಗಲದ ಜಾಗದಲ್ಲಿ ಬಣ್ಣದ ಹೊಳಪು ಉಳಿದ ಕಡೆಗಿಂತ ಸ್ವಲ್ಪ ಬೇರೆ ಇತ್ತು, ಮೇಲೆ ಹೊಸ ಪೇಂಟ್ ಹೊಡೆದಿದ್ದರು. ಫಿನ್ ಬೋಲ್ಟ್ ಬಿಚ್ಚಿ ಬೋರ್ಡನ್ನು ಹಿಂಭಾಗ ಕೆಳಗೆ ಮಾಡಿ ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಎಳನೀರು ಕುಡಿದು ಬರುವಷ್ಟರಲ್ಲಿ ಫಿನ್ ಬಾಕ್ಸಿನ ಮೂಲೆಯಿಂದ ಕಂದು ನೀರು ಒಂದೊಂದೇ ಹನಿ ಇಳಿಯುತ್ತಿತ್ತು. ಬೋರ್ಡ್ ಬಹಳ ದಿನದಿಂದ ನೀರಿಗೇ ಇಳಿದಿಲ್ಲ ಅಂತ ಅವರೇ ಹೇಳಿದ್ದರು. ಕೊನೆಗೆ ನಾನು ಒಯ್ದಿದ್ದ ತೂಗು ಕಾಟಾಕ್ಕೆ ಹಗ್ಗ ಕಟ್ಟಿ ತೂಗಿದೆ. ಫಿನ್, ಪಟ್ಟಿ ಎಲ್ಲ ಬಿಚ್ಚಿದ ಮೇಲೂ ಆ ಮಾಡೆಲ್‌ಗೆ ಕಂಪನಿಯವರು ಹೇಳಿದ ತೂಕಕ್ಕಿಂತ ಎರಡು ಕೆಜಿ ಜಾಸ್ತಿ ಇತ್ತು. ಹಳೆಯ ರಿಪೇರಿಯ ಭಾರ ಸ್ವಲ್ಪ ಕಳೆದರೂ ಒಂದೂವರೆ ಲೀಟರ್ ಆದರೂ ನೀರು ಒಳಗಿದೆ ಅಂತ ಲೆಕ್ಕ. ಹುಡುಗನ ಮುಖ ಸಪ್ಪೆಯಾಯಿತು. ನಾವು ಬೋರ್ಡ್ ಬಿಟ್ಟು ಬಂದೆವು.

ಈ ತೂಕದ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಮಾಡೆಲ್ ಹೆಸರು, ವರ್ಷ ಕೇಳಿಕೊಂಡು ಕಂಪನಿಯ ತೂಕ ಮೊದಲೇ ಹುಡುಕಿಟ್ಟುಕೊಳ್ಳಿ. ಫ್ಯಾನಾಟಿಕ್, ಜೆಪಿ, ಸ್ಟಾರ್‌ಬೋರ್ಡ್, ಟಬೂ ಇಂಥ ಕಂಪನಿಗಳ ಹಳೆಯ ಬೋರ್ಡ್‌ಗಳ ಅಳತೆ, ತೂಕ ನೆಟ್‌ನಲ್ಲಿ ಸಿಗುತ್ತವೆ. ಅರ್ಧ ಕೆಜಿ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಕೆಜಿ ದಾಟಿದರೆ ಕಾರಣ ಕೇಳಿ.

ತಟ್ಟಿ ನೋಡುವಾಗ ಮುಖ್ಯವಾಗಿ ಮೂರು ಕಡೆ ಗಮನ ಕೊಡಿ. ಹಿಮ್ಮಡಿ ಊರುವ ಜಾಗ ಹೇಳಿದೆ. ಮಾಸ್ಟ್ ಟ್ರ್ಯಾಕಿನ ಎರಡೂ ತುದಿ, ಅಲೆಯ ಹೊಡೆತ ಎಲ್ಲ ಬಂದು ಕೂರುವುದು ಅಲ್ಲಿ. ಮತ್ತೆ ಮೂತಿ. ಗಾಳಿ ಎತ್ತಿ ಮುಂದಕ್ಕೆ ಒಗೆದಾಗ ಮಾಸ್ಟು, ಬೂಮು ಬಂದು ಬೀಳುವುದು ಮೂತಿಯ ಮೇಲೆ, ಹಳೆಯ ಬೋರ್ಡ್‌ಗಳಲ್ಲಿ ಮೂತಿ ರಿಪೇರಿ ಆಗದೇ ಇರುವುದು ಅಪರೂಪ. ರಿಪೇರಿ ಆಗಿದ್ದರೆ ತಪ್ಪಿಲ್ಲ, ಸರಿಯಾಗಿ ಆಗಿರಬೇಕು. ಪಟ್ಟಿಗಳ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಹಾಕಿ ನೋಡಿ. ಉಪ್ಪು ನೀರಿಗೆ ಕೆಲವು ಹಿಡಿದುಕೊಂಡು ಬಿಟ್ಟಿರುತ್ತವೆ, ಕೆಲವು ಸುತ್ತುತ್ತಲೇ ಇರುತ್ತವೆ, ಅಂದರೆ ಒಳಗಿನ ಪ್ಲಗ್ ಹೋಗಿದೆ. ಮಾಸ್ಟಿನ ಬುಡದ ರಬ್ಬರ್ ಕೀಲನ್ನು ಬಗ್ಗಿಸಿ ನೋಡಿ, ಸಣ್ಣ ಬಿರುಕು ಕಂಡರೂ ಹೊಸದು ಹಾಕಿ. ಅದಕ್ಕೆ ಬಹಳ ಖರ್ಚಿಲ್ಲ, ಆದರೆ ಸಮುದ್ರದ ನಡುವೆ ಅದು ತುಂಡಾದರೆ ಸೇಲೂ ಬೋರ್ಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಡೆಕ್ ಮೇಲೆ ಒಂದು ಸಣ್ಣ ಸ್ಕ್ರೂ ಇರುತ್ತದೆ, ವೆಂಟ್ ಸ್ಕ್ರೂ ಅಂತ. ನಮ್ಮ ಮಲೆನಾಡಿನವರು ಇದನ್ನು ಚೆನ್ನಾಗಿ ತಿಳಿದಿರಬೇಕು. ಬೋರ್ಡಿನ ಒಳಗಿನ ಗಾಳಿ ಬಿಸಿಗೆ ಹಿಗ್ಗುತ್ತದೆ. ಕಾರಿನ ಮೇಲೆ ಕಟ್ಟಿ ಬಿಸಿಲಲ್ಲಿ ತಂದರೆ ಹಿಗ್ಗುತ್ತದೆ, ಕರಾವಳಿಯಿಂದ ಘಾಟಿ ಹತ್ತಿ 600 ಮೀಟರ್ ಎತ್ತರಕ್ಕೆ ಬಂದರೆ ಹೊರಗಿನ ಗಾಳಿಯ ಒತ್ತಡವೂ ನೂರಕ್ಕೆ ಏಳರಷ್ಟು ಕಮ್ಮಿ ಆಗಿ ಇನ್ನಷ್ಟು ಹಿಗ್ಗಲು ನೋಡುತ್ತದೆ. ಸ್ಕ್ರೂ ಬಿಗಿಯಾಗಿದ್ದರೆ ಆ ಒತ್ತಡ ಹೊದಿಕೆಯ ಮೇಲೆ ಬೀಳುತ್ತದೆ. ಹಾಗಾಗಿ ಆಗುಂಬೆ ಇರಲಿ, ಹುಲಿಕಲ್ ಇರಲಿ, ಹತ್ತುವಾಗ ಇಳಿಯುವಾಗ ಸ್ಕ್ರೂ ಸಡಿಲ ಮಾಡಿ, ನೀರಿಗೆ ಹಾಕುವ ಮುಂಚೆ ನೆನಪಿಟ್ಟು ಬಿಗಿ ಮಾಡಿ. ಬಿಸಿಲಲ್ಲಿ ಕಾದ ಬೋರ್ಡನ್ನು ಹಾಗೇ ನೀರಿಗೆ ಹಾಕಬೇಡಿ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗುವಾಗ, ಎಲ್ಲಾದರೂ ಸಣ್ಣ ಬಿರುಕಿದ್ದರೆ ಅಲ್ಲಿಂದ ನೀರು ಎಳೆದುಕೊಳ್ಳುತ್ತದೆ. ನೆರಳಲ್ಲಿ ಸ್ವಲ್ಪ ಹೊತ್ತು ಇಟ್ಟು ಆಮೇಲೆ ಇಳಿಸಿ. ಕೆಲವು ಹೊಸ ಬೋರ್ಡ್‌ಗಳಲ್ಲಿ ತಾನಾಗಿಯೇ ಗಾಳಿ ಬಿಡುವ ಪ್ಲಗ್ ಇರುತ್ತದೆ, ಅದನ್ನು ಬಿಚ್ಚಬೇಕಾಗಿಲ್ಲ.

ಕೊಳ್ಳುವಾಗಲೂ ಇದೇ ಸ್ಕ್ರೂ ಕೆಲಸಕ್ಕೆ ಬರುತ್ತದೆ. ಅದನ್ನು ಬಿಗಿ ಮಾಡಿ ಬೋರ್ಡನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಇಡಿ. ಸೋಪು ನೀರನ್ನು ಅನುಮಾನ ಇರುವ ಕಡೆಗೆಲ್ಲ ಬಟ್ಟೆಯಲ್ಲಿ ಒರೆಸಿ. ಫಿನ್ ಬಾಕ್ಸ್ ಅಂಚು, ಮಾಸ್ಟ್ ಟ್ರ್ಯಾಕ್ ಸುತ್ತ, ಹಳೆಯ ರಿಪೇರಿ ಮೇಲೆ. ಸೋರುವ ಜಾಗ ಇದ್ದರೆ ಸಣ್ಣ ಗುಳ್ಳೆ ಏಳುತ್ತದೆ. ಬಿಸಿಲಿಲ್ಲದ ದಿನ ಸ್ಕ್ರೂ ತೆಗೆದು ಬಾಯಿಂದ ಮೆಲ್ಲಗೆ ಊದಬಹುದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಲು ಮಾತ್ರ ಹೋಗಬೇಡಿ, ಹೊದಿಕೆ ಬಿಟ್ಟು ಬರುತ್ತದೆ.

ಇನ್ನು ರಿಪೇರಿ. ಇದನ್ನು ಕರಾವಳಿಯ ಗೆಳೆಯರೂ ಗಮನಿಸಲಿ ಅಂತ ಕೇಳಿಕೊಳ್ಳುತ್ತೇನೆ. ಮಲ್ಪೆ, ಗಂಗೊಳ್ಳಿ ಕಡೆ ಫೈಬರ್ ದೋಣಿ ರಿಪೇರಿ ಮಾಡುವ ಕೈಗಳು ಬಹಳ ಒಳ್ಳೆಯ ಕೈಗಳು. ಆದರೆ ದೋಣಿಗೆ ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದರಲ್ಲಿರುವ ಸ್ಟೈರೀನ್ ಅನ್ನುವ ರಾಸಾಯನಿಕ ಬೋರ್ಡಿನ ಒಳಗಿನ ಫೋಮನ್ನು ಕರಗಿಸಿಬಿಡುತ್ತದೆ. ಮೇಲಿಂದ ನೋಡಿದರೆ ಗಟ್ಟಿ ಪ್ಯಾಚ್, ಒಳಗೆ ಪೊಳ್ಳು. ಬೋರ್ಡಿಗೆ ಎಪಾಕ್ಸಿಯೇ ಬೇಕು. ರಿಪೇರಿ ಆದ ಬೋರ್ಡ್ ಕೊಳ್ಳುವಾಗ ಯಾವ ರೆಸಿನ್ ಹಾಕಿದ್ದು ಅಂತ ಕೇಳಿ, ಗೊತ್ತಿಲ್ಲ ಅಂದರೆ ಪ್ಯಾಚಿನ ಸುತ್ತ ತಟ್ಟಿ, ಒತ್ತಿ ನೋಡಿ. ಒಳಗೆ ನೀರು ಇರುವಾಗಲೇ ಮೇಲೆ ಪ್ಯಾಚ್ ಹಾಕಿದ್ದರೂ ಅದು ನಿಲ್ಲುವುದಿಲ್ಲ, ಮೊದಲು ವಾರಗಟ್ಟಲೆ ಒಣಗಿಸಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಯಾವುದೂ ಒಣಗುವುದಿಲ್ಲ ಅಲ್ವಾ, ಹಾಗಾಗಿ ಮಳೆಗಾಲಕ್ಕೆ ಮುಂಚೆ ಒದ್ದೆ ಬೋರ್ಡ್ ಕೊಂಡರೆ ಅದು ದೀಪಾವಳಿ ಕಳೆಯುವ ತನಕ ಮೂಲೆಯಲ್ಲೇ ಇರುತ್ತದೆ. ಪ್ಲಾಸ್ಟಿಕ್ ಮೈಯ, ಅಂದರೆ ಪಾಲಿಥೀನ್ ಬೋರ್ಡ್‌ಗಳು ಏಟಿಗೆ ಗಟ್ಟಿ, ತೂಕ ಜಾಸ್ತಿ. ಅವು ಒಡೆದರೆ ಎಪಾಕ್ಸಿ ಅಂಟುವುದೂ ಇಲ್ಲ.

ಸೇಲಿನ ಬಗ್ಗೆ ಒಂದೇ ಮಾತು. ಪಾರದರ್ಶಕ ಹಾಳೆಯ ಸೇಲು ಬಿಸಿಲಿಗೆ ಒಣಗಿ ಗರಿಗರಿ ಆಗಿರುತ್ತದೆ, ಮಡಿಚಿದ ಗೆರೆಯಲ್ಲಿ ಬಿಳಿಚಿಕೊಂಡಿದ್ದರೆ ಮೊದಲ ಅಲೆಗೇ ಹರಿಯುತ್ತದೆ. ಬೋರ್ಡ್ ಜೊತೆ ಸೇಲು ಫ್ರೀ ಅಂದ ಕೂಡಲೇ ರೇಟು ಏರಿಸಲು ಒಪ್ಪಬೇಡಿ.

ಬೆಳಿಗ್ಗೆ ನೆಲದಿಂದ ಸಮುದ್ರಕ್ಕೆ ಬೀಸುವ ಗಾಳಿಯಲ್ಲಿ ನೀರು ಸಪಾಟಾಗಿ, ಚಂದವಾಗಿ ಕಾಣುತ್ತದೆ. ಹೊಸ ಬೋರ್ಡ್ ಪರೀಕ್ಷೆ ಮಾಡಲು ಅದೇ ಹೊತ್ತು ಒಳ್ಳೆಯದು ಅಂತ ಅನ್ನಿಸುತ್ತದೆ. ಆ ಹೊತ್ತು ಬೇಡ. ಏನಾದರೂ ಮುರಿದರೆ ಆ ಗಾಳಿ ನಿಮ್ಮನ್ನು ಹೊರಗೆ ಒಯ್ಯುತ್ತದೆ. ಮಧ್ಯಾಹ್ನದ ಗಾಳಿಯಲ್ಲಿ, ನದಿ ಬಾಯಿಂದ ದೂರ, ದಡಕ್ಕೆ ಹತ್ತಿರ, ಲೈಫ್ ಜಾಕೆಟ್ ಹಾಕಿಕೊಂಡು, ದಡದಲ್ಲಿ ಒಬ್ಬರನ್ನು ನಿಲ್ಲಿಸಿ ಓಡಿಸಿ ನೋಡಿ. ಚಾಪ್ ಇರುವುದೂ ಆಗಲೇ, ಬೋರ್ಡಿನ ಗುಣ ತಿಳಿಯುವುದೂ ಆಗಲೇ. ಮೂತಿ ಜಾಸ್ತಿ ಎದ್ದರೆ ಮಾಸ್ಟಿನ ಬುಡವನ್ನು ಒಂದೆರಡು ಸೆಂಟಿಮೀಟರ್ ಮುಂದಕ್ಕೆ ಸರಿಸಿ, ಚಿಕ್ಕ ಫಿನ್ ಹಾಕಿ, ಇನ್ನೊಮ್ಮೆ ಹೋಗಿ ಬನ್ನಿ. ಆಗಲೂ ಪಟಪಟ ನಿಲ್ಲದಿದ್ದರೆ ಆ ಬೋರ್ಡ್ ನಿಮಗಲ್ಲ.

ಸಂಪಾದಕರಲ್ಲಿ ಒಂದು ಕೋರಿಕೆ. ಮುಂದಿನ ಸಲ ಪುರವಣಿಯಲ್ಲಿ ಈ ಆಟದ ಬಗ್ಗೆ ಬರೆಸಿದಾಗ ಹಿನ್ನೀರು, ಸಮುದ್ರ ಎರಡಕ್ಕೂ ಬೇರೆ ಬೇರೆ ಸಲಹೆ ಕೊಡಿಸಿ. ತರಬೇತಿ ಕೊಡುವ ಸಂಸ್ಥೆಗಳಿಗೂ ಒಂದು ಮಾತು. ಕೊಳ್ಳುವ ಮುಂಚೆ ಮಕ್ಕಳಿಗೆ ಕಿರಿದಾದ ಒಂದು ಫ್ರೀರೈಡ್ ಬೋರ್ಡನ್ನು ಸಮುದ್ರದಲ್ಲಿ ಒಂದು ಮಧ್ಯಾಹ್ನ ಓಡಿಸಲು ಕೊಡಿ. ಅಗಲದ್ದಕ್ಕೂ ಅದಕ್ಕೂ ಇರುವ ವ್ಯತ್ಯಾಸ ಅವರ ಕಾಲಿಗೇ ಗೊತ್ತಾಗುತ್ತದೆ, ನನ್ನಂಥವರು ಇಷ್ಟುದ್ದ ಬರೆಯಬೇಕಾಗಿಲ್ಲ. ಸಾಗರ, ಹೊಸನಗರ, ಸೊರಬ ಕಡೆಯವರು ಯಾರಾದರೂ ಹಳೆಯ ಬೋರ್ಡ್ ನೋಡಿಟ್ಟಿದ್ದರೆ ದುಡ್ಡು ಕೊಡುವ ಮುಂಚೆ ತೋರಿಸಿ, ತಟ್ಟಿ ತೂಗಿ ನೋಡಿ ಹೇಳುತ್ತೇನೆ, ಅದಕ್ಕೆ ಏನೂ ಕೊಡಬೇಕಾಗಿಲ್ಲ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ, ಕೇಳಿದವರಿಗೆ ಕೊಡಬಹುದು. ಅಡಿಕೆ ಕೊಯ್ಲಿನ ದಿನಗಳಲ್ಲಿ ಮಾತ್ರ ಸಂಜೆ ಆರರ ಮೇಲೆ ಬನ್ನಿ.

ಇಂತಿ,
ಸಾಗರ ತಾಲ್ಲೂಕಿನ ಓದುಗ